ಅವ್ವನ ಅಳುವಿಗೆ ನನ್ನ ಹೆಸರು

ನನ್ನ ತಂಗಿಯನ್ನು ಮಣ್ಣು ಮಾಡಿದ ದಿನ ನಾನು ಅಳಲಿಲ್ಲ. ಅತ್ತಿದ್ದರೆ ನನ್ನ ದನಿ ಮೊಬೈಲಿನಲ್ಲಿ ಬೀಳುತ್ತಿತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಅಷ್ಟರೊಳಗೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಬಿಟ್ಟಿರುತ್ತೀರಿ. ನಾಲ್ಕಕ್ಷರ ಕಲಿತವನಿಗೆ ಮಾತಿನಲ್ಲಿ ಒಳ್ಳೆಯವನಾಗುವುದು ಕಷ್ಟದ ಕೆಲಸವಲ್ಲ.

ನಮ್ಮೂರಿಗೆ ಹೊರ್ತಿಯಿಂದ ಒಳಗೆ ಹೋಗಬೇಕು. ಟೆಂಪೊ ಬಂದರೆ ಬಂತು, ಇಲ್ಲದಿದ್ದರೆ ನಡೆಯುವುದು. ನಮ್ಮ ಕೇರಿ ಊರ ಹೊರಗೆ. ಕೇರಿಯ ಹೆಂಗಸರೆಲ್ಲ ರಾಚಪ್ಪಗೌಡರ ನಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ನಿಂಬೆಹಣ್ಣು ಹರಿಯುವುದೆಂದರೆ ಮುಳ್ಳಿನೊಳಗೆ ಕೈ ಹಾಕುವುದು. ನನ್ನವ್ವ ತಿಪ್ಪವ್ವನಿಗೆ ಮೊಳಕೈವರೆಗೆ ಗೀರುಗಳು. ಹಳೆಯ ಗೀರು ಮಾಯುವುದರೊಳಗೆ ಹೊಸತು. ಆ ಗೀರಿಗೆ ನಿಂಬೆಯ ರಸ ತಾಗಿದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ತಂಗಿ ಶೇವಂತಿಯ ಕೈಯೂ ಹಾಗೇ ಇತ್ತು. ಮನೆಯಲ್ಲಿ ನನ್ನ ಕೈ ಮಾತ್ರ ನುಣ್ಣಗಿದೆ. ಅವರಿಬ್ಬರ ಕೈ ನನ್ನನ್ನು ಬಿ.ಎ., ಬಿ.ಎಡ್. ಓದಿಸಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಸರು ಅವರದು, ಮೊಸರು ನನ್ನದು. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ.

ಅವ್ವನಿಗೆ ಇನ್ನೊಂದು ಕೆಲಸವಿತ್ತು. ಅದನ್ನು ನಾನು ಸಿಂದಗಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಊರೊಳಗೆ ದೊಡ್ಡವರ ಮನೆಯಲ್ಲಿ ಯಾರಾದರೂ ಸತ್ತರೆ ಅಳುವುದಕ್ಕೆ ನಮ್ಮ ಮನೆಯ ಹೆಂಗಸು ಹೋಗಬೇಕು. ಆಯಿಯ, ಅಂದರೆ ನನ್ನ ಅಜ್ಜಿಯ ಕಾಲದಿಂದ ಬಂದದ್ದು. ಹೆಣವನ್ನು ಕಟ್ಟೆಯ ಮೇಲೆ ಕೂಡಿಸಿರುತ್ತಾರೆ. ಮನೆಯವರು ಸುತ್ತಲೂ ಕೂತಿರುತ್ತಾರೆ. ಅವ್ವ ಕೆಳಗೆ, ಅಂಗಳದ ಮಣ್ಣಿನಲ್ಲಿ, ಬಂದವರು ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಎದೆ ಬಡಿದುಕೊಳ್ಳಬೇಕು. ಸತ್ತವರ ಹೆಸರು ಹಿಡಿದು, ಅವರು ಮಾಡಿದ್ದನ್ನೂ ಬಿಟ್ಟುಹೋದದ್ದನ್ನೂ ಹಾಡು ಕಟ್ಟಿ ಅಳಬೇಕು. ಸಂಜೆ ಅವಳ ಸೆರಗಿಗೆ ಜೋಳ ಸುರಿಯುತ್ತಿದ್ದರು, ಮೇಲಿನಿಂದ, ಕೈ ತಾಗದ ಹಾಗೆ. ಸಣ್ಣವನಿದ್ದಾಗ ನಾನು ಗೌಡರ ಬಾಗಿಲ ಹೊರಗೆ ನಿಂತು ಅದನ್ನು ನೋಡಿದ್ದೇನೆ. ಆ ಚಪ್ಪಲಿಗಳ ನಡುವೆ ನಾನೆಂದೂ ಕೂಡಬಾರದು, ಅದಕ್ಕಾಗಿಯೇ ಓದಿದೆ. ನಿಮ್ಮ ತಾಯಿ ಏನು ಮಾಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, ಹೊಲ ನೋಡಿಕೊಳ್ಳುತ್ತಾರೆ ಅನ್ನುತ್ತಿದ್ದೆ. ನಮಗೆ ಹೊಲವೇ ಇಲ್ಲ.

ಅವ್ವನ ಹಾಡಿಗೆ ಒಂದು ಕಟ್ಟಳೆ ಇತ್ತು. ಒಬ್ಬರಿಗೆ ಕಟ್ಟಿದ್ದು ಇನ್ನೊಬ್ಬರಿಗಿಲ್ಲ. ಹೆಣ ಮಣ್ಣು ಮಾಡಿ ಜನ ತಿರುಗಿದ ಮೇಲೆ ಅವಳು ಹಳ್ಳಕ್ಕಿಳಿದು ಮೂರು ಸಲ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ಅಲ್ಲಿಗೆ ಹಾಡು ಮುಗಿಯಿತು. ಅದರ ಒಂದು ಸಾಲನ್ನೂ ಮತ್ತೆ ಅವಳ ಬಾಯಿಂದ ಹೊರಡಿಸಲು ಆಗುತ್ತಿರಲಿಲ್ಲ. ಬಿ.ಎ. ಓದುವಾಗ ಒಮ್ಮೆ ನೋಟಬುಕ್ಕು ಹಿಡಿದು ಕೂತಿದ್ದೆ.

"ಒಂದ ಹಾಡು ಹೇಳ ಯವ್ವಾ. ಬರಕೋತೇನಿ."

"ಹೆಣಾ ಇಲ್ಲದ ಅಳಬಾರದೊ ಯಪ್ಪಾ. ಅವರ ಸಂಗಾಟ ಅದೂ ಮಣ್ಣಾಗೇತಿ. ಮಣ್ಣ ಕೆದರಬ್ಯಾಡ."

ಹೀಗಾಗಿ ನನಗೆ ಕಟ್ಟಳೆ ಗೊತ್ತಿರಲಿಲ್ಲ ಅನ್ನುವಂತಿಲ್ಲ.

2008ರ ಏಪ್ರಿಲಿನಲ್ಲಿ ಶೇವಂತಿ ಹೆರಿಗೆಗೆಂದು ಬಂದಿದ್ದಳು. ಬಂದವಳು ಸುಮ್ಮನೆ ಕೂಡದೆ ತೋಟಕ್ಕೆ ಹೋದಳು. ಎರಡನೆಯ ವಾರ ಮಧ್ಯಾಹ್ನ ಗಿಡದ ಬುಡದಲ್ಲೇ ರಕ್ತ ಹೋಗಲು ಸುರುವಾಯಿತು. ಅವ್ವ ಗೌಡರ ಮನೆಗೆ ಓಡಿದಳು. ಜೀಪು ಬೇವಿನ ಗಿಡದ ಕೆಳಗೆ ನಿಂತಿತ್ತು. ಗೌಡರು ಒಳಗೆ ಊಟಕ್ಕೆ ಕೂತಿದ್ದರು. ಅವರ ಮಗ ಅಮಿತಗೌಡ ಹೊರಗೆ ಬಂದ.

"ಸೀಟ ಎಲ್ಲಾ ಹೊಲಸಾಕ್ಕೈತಿ. ಟೆಂಪೊ ಬರೂತನಾ ತಡಿ" ಅಂದ.

ಅಷ್ಟೇ ಅಂದ. ಬೈಯಲಿಲ್ಲ, ಹೊಡೆಯಲಿಲ್ಲ. ಟೆಂಪೊ ಒಂದೂವರೆ ತಾಸಿಗೆ ಬಂತು. ಬರುವವರೆಗೆ ಶೇವಂತಿಯನ್ನು ರಸ್ತೆಯ ಬದಿಗೆ, ಒಂದು ಗಿಡವೂ ಇಲ್ಲದಲ್ಲಿ ಮಲಗಿಸಿಕೊಂಡಿದ್ದರು. ನಿಂಬೆಯ ಚೀಲಗಳ ಮೇಲೆ ಹಾಕಿ ಒಯ್ದರು. ಇಂಡಿಯ ಆಸ್ಪತ್ರೆ ಮುಟ್ಟಲಿಲ್ಲ. ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ. ಅವಳಿಗೆ ಇಪ್ಪತ್ತೆರಡು ವರ್ಷ.

ನಾನು ಸಿಂದಗಿಯಿಂದ ರಾತ್ರಿ ಬಂದು ಮುಟ್ಟಿದೆ. ಮರುದಿನ ಬೆಳಿಗ್ಗೆ ನಮ್ಮ ಗುಡಿಸಲ ಮುಂದೆ ಅವ್ವ ಅತ್ತಳು. ಜೋಳಕ್ಕೆ ಅತ್ತದ್ದಲ್ಲ. ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಅಂಗಿಯ ಕಿಸೆಯಲ್ಲಿ ಹೊಸ ಮೊಬೈಲಿತ್ತು. ರೆಕಾರ್ಡಿಂಗ್ ಒತ್ತಿದೆ. ತಂಗಿಯ ನೆನಪಿಗೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಇದು ಬಹಳ ಚಲೋ ಹಾಡು, ಯಾರಿಗಾದರೂ ತೋರಿಸಬೇಕು, ಅದೇ ನನ್ನ ತಲೆಯಲ್ಲಿತ್ತು. ಅವ್ವ ನೆಲಕ್ಕೆ ಹಣೆ ಬಡಿಯುತ್ತಿದ್ದಳು. ನಾನು ಅವಳನ್ನು ಹಿಡಿಯಲಿಲ್ಲ. ಕಿಸೆಗೆ ಕೈಯಿಟ್ಟು ಅದು ನಡೆಯುತ್ತಿದೆಯೋ ಇಲ್ಲವೋ ನೋಡಿದೆ.

ನಿಂಬಿ ಮುಳ್ಳಿನ ನಡುವ ಬೆಳದಾಕಿ ಶೇವಂತಿ,
ಮುಳ್ಳ ಮುರಿದಿಲ್ಲ ನೀ ಮುರದ್ಯಲ್ಲ.
ಗೌಡರ ಜೀಪ ನೆಳ್ಳಾಗ ನಿಂತಿತ್ತ,
ನನ್ನ ಮಗಳ ಬಿಸಲಾಗ ಸತ್ತಾಳ.

ಮಣ್ಣಾದ ಮೇಲೆ ಅವ್ವ ಹಳ್ಳಕ್ಕಿಳಿದು ಮೂರು ಸಲ ಉಗುಳಿದಳು. ಅವಳ ಲೆಕ್ಕಕ್ಕೆ ಹಾಡು ಮುಗಿಯಿತು. ನನ್ನ ಕಿಸೆಯಲ್ಲಿ ಅದು ಹದಿನೇಳು ನಿಮಿಷ ಇತ್ತು.

ವಾರದಲ್ಲಿ ಮೊಬೈಲು ತುಂಬಿ, ಜಾಗವಿಲ್ಲ ಎಂದು ತೋರಿಸತೊಡಗಿತು. ಹಾಡು ಅಳಿಸಿಹೋದೀತೆಂದು ಹೆದರಿ ಇಂಡಿಯ ಬಸ್‌ಸ್ಟ್ಯಾಂಡಿನ ಎದುರಿನ ಮೆಹರಾಜನ ಅಂಗಡಿಗೆ ಹೋದೆ. ಮೊಬೈಲ್ ರಿಪೇರಿ ಅಂಗಡಿ. ಬಂದವರ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದು ಅವನ ಮುಖ್ಯ ದಂಧೆ. ಹಾಡನ್ನು ಅವನ ಕಂಪ್ಯೂಟರಿಗೆ ಹಾಕಿಸಿದೆ. ಕೇಳುತ್ತ ಕೇಳುತ್ತ ಅವನು ಕಣ್ಣೊರೆಸಿಕೊಂಡ.

"ಯಾರ್ರಿ ಮಾಸ್ತರ ಇವ್ರು?"

"ನಮ್ಮ ಊರಾಗಿನ ಒಬ್ಬಾಕಿ ಮುದುಕಿ" ಅಂದೆ.

ಒಬ್ಬಾಕಿ ಮುದುಕಿ. ಹೆತ್ತವಳನ್ನು ಹಾಗಂದ ಬಾಯಿ ಇದು.

ಮೆಹರಾಜ ಅದನ್ನು ಮುಚ್ಚಿಡಲಿಲ್ಲ. ಮುಚ್ಚಿಡು ಎಂದು ನಾನೂ ಹೇಳಲಿಲ್ಲ. ಕೇಳಿದವರಿಗೆಲ್ಲ ತುಂಬಿಕೊಟ್ಟ. ಅವರು ಬ್ಲೂಟೂತಿನಲ್ಲಿ ಇನ್ನೊಬ್ಬರಿಗೆ ದಾಟಿಸಿದರು. ಮೇ ಮುಗಿಯುವುದರೊಳಗೆ ಬಾಗೇವಾಡಿಯ ಬಸ್ಸಿನಲ್ಲಿ, ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಅವ್ವನ ಅಳು ಕೇಳಿದೆ. ಸಿಂದಗಿಯ ಕಾಲೇಜು ಹುಡುಗರು ಅದನ್ನು ಆರ್ಕುಟ್ಟಿನಲ್ಲಿ ಹಂಚಿದರು. 'ನಮ್ಮ ಕಡೆಯ ಹಾಡು, ಹಾಡಿದವರು ಗೊತ್ತಿಲ್ಲ' ಎಂದು ಬರೆದಿದ್ದರು. ಸೈಬರ್ ಕೆಫೆಯಲ್ಲಿ ಕೂತು ಅದನ್ನು ಓದಿದಾಗ ನನಗೆ ಸಿಟ್ಟು ಬರಲಿಲ್ಲ. ಹೆಮ್ಮೆಯಾಯಿತು. ಅದೂ ಹಾಡಿದವಳ ಬಗ್ಗೆ ಅಲ್ಲ, ಹುಡುಕಿಕೊಟ್ಟ ನನ್ನ ಬಗ್ಗೆ.

ಜುಲೈಯಲ್ಲಿ, ಹಾಡು ತಂದವನು ನಾನೆಂದು ಮೆಹರಾಜನಿಂದ ತಿಳಿದು, ಅನಿಲ ಸಾವಕಾರರು ಕರೆಸಿದರು. ಇಂಡಿಯಲ್ಲಿ ಅವರದೊಂದು ಆಡಿಯೊ ಕಂಪನಿ, ಜಾನಪದ ಸೀಡಿ ಮಾಡುತ್ತಿದ್ದರು. ಖುರ್ಚಿ ಕೊಟ್ಟರು. ಕಪ್ಪಿನ ಕೆಳಗೆ ಬಸಿ ಇಟ್ಟು ಚಹಾ ಕೊಟ್ಟರು. ನಮ್ಮವರಿಗೆ ಬೇರೆ ಕಪ್ಪು ಇಡುವ ಊರಿನಿಂದ ಬಂದವನಿಗೆ ಅಷ್ಟು ಸಾಕಿತ್ತು.

"ಯಾರದೂ ಅಲ್ಲದ ಹಾಡ ಯಾರ ಬೇಕಾದವ್ರು ಕದೀತಾರ್ರಿ ಮಾಸ್ತರ" ಅಂದರು. "ಇದಕ್ಕೊಂದು ಕಾಯ್ದೆ ಐತಿ. ಕಾಪಿರೈಟ್ ಅಂತ. ಬರದವ್ರು ಯಾರಂತ ಒಂದ ಹೆಸರು ಬೇಕು. ನಿಮ್ಮ ಹೆಸರ ಹಾಕ್ತೇನಿ. ಹಕ್ಕ ನೀವು ನಮಗ ಬರಕೊಡ್ರಿ."

"ಅದು ನಮ್ಮ..." ಅಂದೆ. ಅಷ್ಟಕ್ಕೇ ಬಿಟ್ಟು ಬಸಿಗೆ ಚಹಾ ಸುರುವಿಕೊಂಡೆ.

"ಮತ್ತ ಇದ ಜೀಪಿನ ಸಾಲ ಬ್ಯಾಡ್ರಿ. ರಾಚಪ್ಪಗೌಡ್ರು ನಮಗ ಬೀಗರಾಗಬೇಕು. ಅಲ್ಲೊಂದೀಟು ಡೋಲಕ್ ಬಡಿತ ಹಾಕ್ತೇವಿ. ಹುಡುಗೋರ ಕುಣೀತಾರ."

ನನ್ನ ತಂಗಿ ಯಾಕೆ ಸತ್ತಳು ಎಂದು ಹೇಳುವ ಎರಡು ಸಾಲು. ಅವೆರಡನ್ನು ಕಿತ್ತು ಬಡಿತ ಹಾಕುತ್ತೇನೆಂದು ಒಬ್ಬ ನನ್ನೆದುರು ಹೇಳಿದ. ನಾನು ಬಸಿಯಲ್ಲಿ ಉಳಿದ ಚಹಾ ಕುಡಿದೆ.

"ಹೆಸರ ಎಷ್ಟ ವರ್ಷ ಇರ್ತೈತ್ರಿ?" ಎಂದು ಕೇಳಿದೆ.

"ನೀವು ಇರೂತನಾ. ನೀವು ಸತ್ತ ಮ್ಯಾಲೂ ಅರವತ್ತ ವರ್ಷ. ಕಾಯ್ದೆನ ಹಂಗ ಐತ್ರಿ."

ಅರವತ್ತು ವರ್ಷ. ನಮ್ಮ ಮನೆತನದಲ್ಲಿ ಸತ್ತ ಮೇಲೆ ಯಾರ ಹೆಸರೂ ಅರವತ್ತು ದಿನ ಉಳಿದಿಲ್ಲ. ಸಹಿ ಮಾಡಿದೆ. ಅವರು ದುಡ್ಡಿನ ಮಾತೆತ್ತಿದರು, ಬೇಡ ಅಂದೆ. ದುಡ್ಡು ಮುಟ್ಟದಿದ್ದರೆ ಮಾರಿದಂತಲ್ಲ ಎಂದು ತಿಳಿದಿದ್ದೆ.

ಸೀಡಿ ಬಂತು. ಡಬ್ಬಿಯ ಮೇಲೆ ಇಳಕಲ್ ಸೀರೆ ಉಟ್ಟ ಒಬ್ಬ ಬೆಳ್ಳನೆಯ ಹುಡುಗಿ ಕಣ್ಣಿಗೆ ಸೆರಗು ಹಚ್ಚಿದ್ದಳು. ಕೆಳಗೆ 'ಸಾಹಿತ್ಯ: ಸಿದ್ದರಾಯ'. ಹಾಡಿದವರ ಹೆಸರಿನ ಜಾಗದಲ್ಲಿ 'ಹಳ್ಳಿಯ ಮಹಿಳೆ'. ಅದರ ಕೆಳಗೆ, ಪರವಾನಗಿ ಇಲ್ಲದೆ ನಕಲು ಮಾಡುವುದು ಅಪರಾಧ. ಶಾಲೆಯಲ್ಲಿ ಹೆಡ್ ಮಾಸ್ತರರು ಶಾಲು ಹೊದಿಸಿದರು. ಇಂಗ್ಲಿಷ್ ಕಲಿಸುವ ವಿಜಯಲಕ್ಷ್ಮಿ ಮೇಡಂ, "ಹೆಣ್ಣುಮಕ್ಕಳ ದುಃಖಾ ಎಷ್ಟ ಚಂದ ತಿಳಕೊಂಡೀರಿ ಸರ್" ಅಂದರು. ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಸೆಪ್ಟೆಂಬರಿನಲ್ಲಿ ಕಂಪನಿಯವರು ನಕಲಿನ ದೂರು ಕೊಟ್ಟರು. ಪೊಲೀಸರು ಬಂದು ಮೆಹರಾಜನ ಕಂಪ್ಯೂಟರು, ಕಾರ್ಡಿನ ಡಬ್ಬಿಗಳನ್ನು ಹೊತ್ತುಕೊಂಡು ಹೋದರು. ಅವನನ್ನು ಎರಡು ದಿನ ಠಾಣೆಯಲ್ಲಿ ಕೂಡಿಸಿದರು. ನಾನು ಬಸ್ಸಿಳಿದು ಹೋಗುವಾಗ ಅವನ ಹೆಂಡತಿ ಸುಗ್ರಾ ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದಳು.

"ಅಣ್ಣಾ, ಹಾಡ ನೀವ ತಂದ ಹಾಕಿಸಿದ್ರಿ. ಹಾಡಿದಾಕಿ ಯಾರಂತ ನಿಮಗ ಗೊತ್ತೈತಿ. ಒಂದ ಮಾತ ಬಂದ ಹೇಳ್ರೆಲ್ಲ."

ಹೇಳಿದರೆ ಹಾಡು ಅವ್ವನದೆಂದು ಹೇಳಬೇಕು. ಅವ್ವ ಯಾರೆಂದು ಹೇಳಬೇಕು. ಅವಳು ಎಲ್ಲಿ ಕೂತು ಅಳುತ್ತಾಳೆ, ಯಾಕೆ ಅಳುತ್ತಾಳೆ, ಎಲ್ಲ ಹೊರಗೆ ಬರುತ್ತದೆ. ಮೈಮೇಲೆ ಹೊದ್ದ ಶಾಲು ಜಾರುತ್ತದೆ.

"ನಾಳಿ ಬರ್ತೇನಿ ತಂಗಿ" ಅಂದೆ. ಹೋಗಲಿಲ್ಲ.

ಅವ್ವ ಆ ಹಾಡನ್ನು ನಿಂಬೆ ತೋಟದಲ್ಲಿ ಕೇಳಿದಳು. ಚೀಲ ಹೇರಲು ಬಂದ ಟೆಂಪೊದ ಡ್ರೈವರ್ ಜೋರಾಗಿ ಹಚ್ಚಿದ್ದ. ಡೋಲಕ್ಕು ಬಡಿಯುತ್ತಿತ್ತು. ನಡುವೆ 'ಶೇವಂತೀ' ಎಂದು ಅವಳದೇ ದನಿ. ಅವಳು ಮುಳ್ಳಿನೊಳಗಿಟ್ಟ ಕೈಯನ್ನು ಹೊರಗೆ ತೆಗೆಯಲೇ ಇಲ್ಲವಂತೆ. ಹಾಡು ಮುಗಿಯುವವರೆಗೆ ಹಾಗೇ ನಿಂತಿದ್ದಳಂತೆ. ಕೇರಿಯ ಹೆಂಗಸರೇ ಹಿಡಿದು ಎಳೆದರಂತೆ.

ರವಿವಾರ ನಾನು ಊರಿಗೆ ಹೋದೆ. ಸೀಡಿಯ ಡಬ್ಬಿ ಒಲೆಯ ಬದಿಗೆ ಇತ್ತು. ಡ್ರೈವರನಿಂದ ಇಸಿದುಕೊಂಡು ಬಂದಿದ್ದಳು. ಅವಳ ಬಲಗೈಗೆ ಅರಿವೆ ಸುತ್ತಿತ್ತು.

"ಇದನ್ನ ಯಾರ ಮಾಡ್ಯಾರೊ?"

"ಯಾರೋ ಕದ್ದ ಮಾಡ್ಯಾರ ಯವ್ವಾ."

"ಹೌದೇನ?" ಅಂದಳು. ರೊಟ್ಟಿ ತಿರುವಿ ಹಾಕಿದಳು. "ಬಾಜೂ ಮನಿ ಹೊನ್ನವ್ವನ ಮೊಮ್ಮಗಳ ಕಡಿಂದ ಓದಿಸೇನಿ. ನಿನ್ನ ಹೆಸರೈತಂತ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು? ಅವಳು ನನ್ನನ್ನೇ ಕೇಳಿದಳು. ಎಲ್ಲವನ್ನೂ ಹೇಳಿದೆ. ಕಿಸೆ, ಮೆಹರಾಜ, ಸಹಿ, ಕಿತ್ತುಹಾಕಿದ ಜೀಪಿನ ಸಾಲು, ಸತ್ತ ಮೇಲಿನ ಅರವತ್ತು ವರ್ಷ. ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು. ತಾನು ಉಣ್ಣಲಿಲ್ಲ.

ಅಂದಿನಿಂದ ಅವಳಿಗೊಂದು ರೂಢಿಯಾಯಿತು. ಎಲ್ಲಾದರೂ ಆ ಹಾಡು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದಳು. ನೀರು ಹುಡುಕುತ್ತಿದ್ದಳು. ಮೂರು ಸಲ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ದಿನಕ್ಕೆ ಎಂಟು ಸಲ, ಹತ್ತು ಸಲ. ತೋಟದ ಮುಕಾದಮ ಕೂಲಿ ಮುರಿದ. ತುಟಿಯ ಅಂಚು ಒಡೆಯಿತು. ಮಗಳನ್ನು ಅವಳು ಒಮ್ಮೆ ಮಣ್ಣು ಮಾಡಿದ್ದಳು. ನಾನು ದಿನಾ ಹತ್ತು ಸಲ ಮಣ್ಣು ಮಾಡಿಸಿದೆ.

ಅದು ನನ್ನವ್ವನ ಅಳು, ತೆಗೆದುಬಿಡಿ ಎಂದು ಅನಿಲ ಸಾವಕಾರರ ಹತ್ತಿರ ಹೋದೆ. ಈ ಸಲ ಚಹಾ ಬರಲಿಲ್ಲ.

"ಬರಕೊಟ್ಟೀರೆಲ್ಲ ಮಾಸ್ತರ. ಇನ್ನ ನೀವ ಅದನ್ನ ಸ್ಟೇಜಿನ ಮ್ಯಾಲ ಹಾಡಬೇಕಂದ್ರೂ ನಮ್ಮನ್ನ ಕೇಳಬೇಕು. ನಿಮ್ಮವ್ವಗೂ ಹೇಳಿಡ್ರಿ."

ಜನವರಿಯಲ್ಲಿ ರಾಚಪ್ಪಗೌಡರು ಸತ್ತರು. ಶಾಲೆಗೆ ಸಂಕ್ರಾಂತಿಯ ಸೂಟಿ ಇತ್ತು, ನಾನು ಊರಲ್ಲಿದ್ದೆ. ಬೆಳಿಗ್ಗೆ ಆಳು ಬಂದು ಹೊರಗಿನಿಂದಲೇ ಕೂಗಿದ, "ತಿಪ್ಪವ್ವಾ, ನಡಿ, ಗೌಡರು ಹ್ವಾದ್ರು." ಅವ್ವ ಎದ್ದು ಸೀರೆ ಸರಿಮಾಡಿಕೊಂಡು ಹೊರಟಳು. ನಾನು ಹಿಂದೆ ಹೋದೆ. ಅವಳು ಅಳುತ್ತಾಳೆಂದೇ ತಿಳಿದಿದ್ದೆ. ನಲವತ್ತು ವರ್ಷ ಅತ್ತಿದ್ದಳು.

ಅಂಗಳ ತುಂಬಿತ್ತು. ಗೌಡರನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ಬೇವಿನ ಕೆಳಗೆ ಅದೇ ಜೀಪು. ಚಪ್ಪಲಿಗಳ ನಡುವೆ ಅವ್ವನ ಜಾಗ ಖಾಲಿ ಇತ್ತು. ಅವಳು ಅಲ್ಲಿಯವರೆಗೆ ಹೋದಳು. ಕೂಡಲಿಲ್ಲ.

"ಕುಂದ್ರ ಬೇ" ಅಂದ ಅಮಿತಗೌಡ.

"ಕುಂದ್ರೂದಿಲ್ರಿ. ಅಳೂದಿಲ್ಲ ಅಂತ ಹೇಳಿ ಹೋಗಾಕ ಬಂದೇನಿ."

ಕಟ್ಟೆಯ ಮೇಲೆ ಬೀಸಣಿಗೆ ಬೀಸುತ್ತಿದ್ದ ಕೈ ನಿಂತಿತು.

"ಮಗಳಿಗೆ ಅತ್ತದ್ದು ದೇಶಾ ತುಂಬ ಕೇಳೈತಿ. ನಮ್ಮಪ್ಪಗ ಅಳಾಕ ಬಾಯಿ ಬಿದ್ದೈತೇನ ನಿಂದು?"

"ಆ ಅಳು ನಂದಲ್ಲರಿ. ಡಬ್ಬಿ ಮ್ಯಾಲ ನನ್ನ ಮಗನ ಹೆಸರೈತಿ. ಕಾಯ್ದೆ ಪ್ರಕಾರ ಅಳೂ ಬಾಯಿ ಅವಂದು. ನಾ ಸತ್ತರೂ, ಅಂವಾ ಸತ್ತರೂ ಅವಂದ. ಇಲ್ಲೆ ನಿಂತಾನ ನೋಡ್ರಿ. ಅವನ್ನ ಕೂಡಸ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಯಾರೋ ನಕ್ಕರು. ಅವ್ವ ನನ್ನನ್ನು ನೋಡಲಿಲ್ಲ.

"ಬಾರೊ ಮಾಸ್ತರ" ಅಂದ ಅಮಿತಗೌಡ. ತಮಾಷೆಯಲ್ಲ, ಸಿಟ್ಟಿನಿಂದಲೇ ಅಂದ. "ಶಾಲು ಹೊಚ್ಚಿಸಿಕೊಂಡೀಯಂತಲ್ಲ. ಕುಂದ್ರು. ಅಳು."

ನನ್ನ ಇಸ್ತ್ರಿ ಪ್ಯಾಂಟು. ಆ ಚಪ್ಪಲಿಗಳು. ಓಡಿಹೋಗಬಹುದಿತ್ತು. ಇಪ್ಪತ್ತು ವರ್ಷ ಓಡಿದ್ದೇ ಅದರಿಂದ. ಆದರೆ ಅವ್ವ ಬಿಟ್ಟ ಜಾಗ ನನ್ನೆದುರು ಇತ್ತು, ಅವಳ ಮಂಡಿ ಸವೆಸಿದ ಎರಡು ಕುಳಿಗಳಿದ್ದವು. ಕೂತೆ.

ಬಾಯಿ ತೆರೆದೆ. ಹಾಡು ಬರಲಿಲ್ಲ. ಸಾವಿರ ಸಲ ಕೇಳಿದ ಹಾಡಿನ ಒಂದು ಸಾಲೂ ಬರಲಿಲ್ಲ. ತಲೆಯಲ್ಲಿ ಬರೀ ಡೋಲಕ್ಕು. ಬಂದದ್ದು ಎರಡೇ ಸಾಲು, ನಾನು ಕಿತ್ತು ಹಾಕಿಸಿದ್ದು. ರಾಗವಿಲ್ಲದೆ, ಪಾಠ ಒಪ್ಪಿಸಿದ ಹಾಗೆ ಹೇಳಿದೆ.

"ಗೌಡರ ಜೀಪ ನೆಳ್ಳಾಗ ನಿಂತಿತ್ತ. ನನ್ನ ತಂಗಿ ಬಿಸಲಾಗ ಸತ್ತಾಳ."

ಎಲ್ಲರ ಕಣ್ಣು ಬೇವಿನ ಕಡೆ ಹೋಗಿ ಬಂದವು. ನಾನು ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಾಗ ಅಮಿತಗೌಡನ ಕಾಲು ನನ್ನ ಎದೆಗೆ ಬಿತ್ತು. ಚಪ್ಪಲಿಗಳ ಮೇಲೆ ಮಗ್ಗುಲಾಗಿ ಬಿದ್ದೆ, ತುಟಿ ಒಡೆಯಿತು. ಬಿದ್ದಲ್ಲಿಂದಲೇ ಹೇಳಿದೆ. ಆಗ ಅಳು ಬಂತು. ಒಂಬತ್ತು ತಿಂಗಳು ತಡವಾಗಿ, ಯಾರದೋ ಹೆಣದ ಮುಂದೆ, ನನ್ನ ತಂಗಿಗೆ ನಾನು ಅತ್ತೆ.

ಕಣ್ಣು ಬಿಟ್ಟಾಗ ಅವ್ವ ಬಾಗಿಲು ದಾಟಿದ್ದಳು. ಬಾಗಿಲ ಹೊರಗೆ ನಿಂತಿದ್ದ ಕೇರಿಯ ಹೆಂಗಸರು ಅವಳ ಹಿಂದೆ ನಡೆದರು. ಆ ದಿನ ಗೌಡರು ಹಾಡಿಲ್ಲದೆ ಮಣ್ಣಾದರು.

ಹಳ್ಳದ ಹತ್ತಿರ ಅವಳನ್ನು ಕೂಡಿಕೊಂಡೆ. ತುಟಿ ಒಡೆದು ಬಾಯಿ ತುಂಬ ರಕ್ತದ ರುಚಿ. ನೀರಿಗಿಳಿದೆ. ಅವ್ವನ ಮಗ ನಾನು, ಅತ್ತ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಬೊಗಸೆಯಲ್ಲಿ ನೀರು ಎತ್ತಿ ಬಾಯಿಗೆ ಹಾಕಿಕೊಂಡೆ. ಮೂರು ಸಲ ಉಗುಳಿದರೆ ಮುಗಿಯುತ್ತದೆ ಎಂಬ ಆಸೆ ನನಗಿತ್ತು.

"ಉಗುಳಬ್ಯಾಡ" ಅಂದಳು ಅವ್ವ.

ದಂಡೆಯ ಮೇಲೆ ನಿಂತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮೂರು ತಿಂಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

"ಉಗುಳಾಕ ಅದು ಎಲ್ಲಿ ಮುಗದೈತಿ? ನೀ ಸತ್ತ ಮ್ಯಾಲೂ ಅರವತ್ತ ವರ್ಷ ಐತಿ ಅಂದೆಲ್ಲ. ನುಂಗು."

ನೀರು ರಕ್ತ ಕೂಡಿ ಉಪ್ಪಾಗಿತ್ತು. ಅವಳು ನೋಡುತ್ತ ನಿಂತಳು. ನುಂಗಿದೆ.